ಎಐ ಬಳಸಿ ಚಿತ್ರವನ್ನು ಅಂಚಿನಾಚೆಗೆ ಹಿಗ್ಗಿಸುವಾಗ ಬರುವ ತೊಂದರೆಗಳು: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಅಡ್ಡಲಾಗಿ ತೆಗೆದ ಫೋಟೋ ರೀಲ್ಸ್‌ನ ಉದ್ದ ಚೌಕಟ್ಟಿಗೆ ಹೊಂದುವುದಿಲ್ಲ, ಗುಂಪುಚಿತ್ರದ ಕೊನೆಯಲ್ಲಿ ನಿಂತವರ ಭುಜ ಕತ್ತರಿಸಿ ಹೋಗಿರುತ್ತದೆ, ಬ್ಯಾನರಿನಲ್ಲಿ ಅಕ್ಷರ ಕೂರಿಸಲು ಪಕ್ಕದಲ್ಲಿ ಜಾಗವಿರುವುದಿಲ್ಲ. ಚಿತ್ರವನ್ನು ಅದರ ಅಂಚಿನಾಚೆಗೆ ಹಿಗ್ಗಿಸುವ ಅಗತ್ಯ ಹೆಚ್ಚಾಗಿ ಇಂಥ ಕಡೆಗಳಲ್ಲೇ ಬೀಳುತ್ತದೆ. ಓಪನ್‌ಎಐ ಸಂಸ್ಥೆಯು 2022ರ ಆಗಸ್ಟ್‌ನಲ್ಲಿ ಡಾಲ್-ಇ 2ಕ್ಕೆ ಔಟ್‌ಪೇಂಟಿಂಗ್ ಎಂಬ ಹೆಸರಿನಲ್ಲಿ ಈ ಸೌಲಭ್ಯವನ್ನು ಸೇರಿಸಿತು. ಮರುವರ್ಷ ಮಿಡ್‌ಜರ್ನಿಯ ಝೂಮ್ ಔಟ್, ಫೋಟೋಶಾಪ್‌ನ ಜನರೇಟಿವ್ ಎಕ್ಸ್‌ಪ್ಯಾಂಡ್, ಕ್ಯಾನ್ವಾದ ಮ್ಯಾಜಿಕ್ ಎಕ್ಸ್‌ಪ್ಯಾಂಡ್ ಒಂದರ ಹಿಂದೆ ಒಂದು ಬಂದವು. ಸ್ವಂತ ಕಂಪ್ಯೂಟರಿನಲ್ಲೇ ಮಾಡುವವರು ಸ್ಟೇಬಲ್ ಡಿಫ್ಯೂಷನ್ ಅಥವಾ ಫ್ಲಕ್ಸ್ ಮಾಡೆಲ್‌ಗಳನ್ನು, ಅಂದರೆ ಚಿತ್ರ ಬರೆಯಲು ಕಲಿತ ಎಐಗಳನ್ನು, ಆಟೋಮ್ಯಾಟಿಕ್1111, ಫೂಕಸ್, ಕಂಫಿಯುಐ ಮುಂತಾದ ತಂತ್ರಾಂಶಗಳ ಮೂಲಕ ನಡೆಸುತ್ತಾರೆ.

ಉಪಕರಣ ಯಾವುದೇ ಇರಲಿ, ಚೌಕಟ್ಟಿನ ಹೊರಗೆ ನಿಜವಾಗಿ ಏನಿತ್ತೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಅಂಚಿನಲ್ಲಿ ಕಂಡ ಬಣ್ಣ, ಬೆಳಕು, ಗೆರೆ ಮತ್ತು ವಸ್ತುಗಳನ್ನು ಆಧಾರವಾಗಿಟ್ಟುಕೊಂಡು ಮುಂದೆ ಏನಿರಬಹುದೆಂದು ಅದು ಊಹಿಸಿ ಬರೆಯುತ್ತದೆ. ಆದ್ದರಿಂದ ಫಲಿತಾಂಶ ಕೆಟ್ಟಾಗ ಮಾಡೆಲ್ ಬದಲಾಯಿಸುವುದಕ್ಕೆ ಅಥವಾ ದುಬಾರಿ ಚಂದಾ ಕಟ್ಟುವುದಕ್ಕೆ ಮೊದಲು, ನಾವು ಅದಕ್ಕೆ ಕೊಟ್ಟ ಅಂಚು ಹೇಗಿತ್ತೆಂಬುದನ್ನು ನೋಡಬೇಕು. ಹೆಚ್ಚಿನ ದೋಷಗಳು ಅಲ್ಲಿಯೇ ಸಿಗುತ್ತವೆ.

ಯಾವ ಲಕ್ಷಣವಿದ್ದರೂ ಮೊದಲು ನೋಡಬೇಕಾದದ್ದು

ಮೂಲ ಫೈಲ್‌ನ ಒಂದು ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟು, ಕೆಲಸವನ್ನು ಇನ್ನೊಂದು ಪ್ರತಿಯ ಮೇಲೆ ಮಾಡಿ. ಆ ಫೋಟೋ ವಾಟ್ಸ್‌ಆ್ಯಪ್ ಮೂಲಕ ಬಂದಿದ್ದರೆ ಅದು ದಾರಿಯಲ್ಲಿಯೇ ಕುಗ್ಗಿರುತ್ತದೆ. ಕಳುಹಿಸಿದವರಿಂದ ಅದನ್ನೇ ಡಾಕ್ಯುಮೆಂಟ್ ರೂಪದಲ್ಲಿ ಮತ್ತೊಮ್ಮೆ ತರಿಸಿಕೊಳ್ಳುವುದು ಪುಕ್ಕಟೆ ಪರಿಹಾರ, ಮತ್ತು ಎಷ್ಟೋ ಸಲ ಅದೊಂದೇ ಸಾಕಾಗುತ್ತದೆ. ಸಿಕ್ಕ ಫಲಿತಾಂಶವನ್ನು ಮೊಬೈಲ್ ಪರದೆಯ ಮೇಲೆ ಇಡೀ ಚಿತ್ರವಾಗಿ ನೋಡಿ ತೀರ್ಪು ಕೊಡಬೇಡಿ. ಶೇಕಡಾ 100ರ ಝೂಮ್‌ನಲ್ಲಿ, ಹಳೆಯ ಭಾಗ ಮತ್ತು ಹೊಸ ಭಾಗ ಸೇರುವ ಜಾಗದ ಉದ್ದಕ್ಕೂ ಮೇಲಿನಿಂದ ಕೆಳಗೆ ಒಮ್ಮೆ ಸಾಗಿ ನೋಡಿ. ಅದೇ ಸೆಟ್ಟಿಂಗ್‌ನಲ್ಲಿ ಮೂರ್ನಾಲ್ಕು ಬಾರಿ ಬೇರೆ ಬೇರೆ ಫಲಿತಾಂಶ ತೆಗೆದು ನೋಡುವುದೂ ಒಂದು ಪರೀಕ್ಷೆಯೇ. ಪ್ರತಿ ಸಲವೂ ಬೇರೆ ಬೇರೆ ತಪ್ಪು ಕಂಡರೆ ಅದು ಊಹೆಯ ಏರುಪೇರು, ಇನ್ನಷ್ಟು ಸಲ ಪ್ರಯತ್ನಿಸಿದರೆ ಒಳ್ಳೆಯದೊಂದು ಸಿಕ್ಕೀತು. ಅದೇ ತಪ್ಪು ಅದೇ ಜಾಗದಲ್ಲಿ ಮರುಕಳಿಸುತ್ತಿದ್ದರೆ ಕಾರಣ ನಿಮ್ಮ ಚಿತ್ರದಲ್ಲಿಯೋ ಸೆಟ್ಟಿಂಗ್‌ನಲ್ಲಿಯೋ ಇದೆ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದರಿಂದ ಕ್ರೆಡಿಟ್ ಖಾಲಿಯಾಗುವುದಷ್ಟೇ ಲಾಭ.

ಲಕ್ಷಣ: ಹೊಸ ಭಾಗದಲ್ಲಿ ಚೌಕಟ್ಟು, ಬಿಳಿ ಪಟ್ಟಿ ಅಥವಾ ಕಪ್ಪು ಕಂಬದಂಥ ನೆರಳು ಮೂಡುತ್ತಿದೆ

ದೃಶ್ಯ ಮುಂದುವರಿಯಬೇಕಾದ ಕಡೆ ಗೋಡೆಗೆ ತೂಗುಹಾಕಿದ ಚಿತ್ರಪಟದ ಚೌಕಟ್ಟು ಬಂದಿದ್ದರೆ, ಅಥವಾ ಮೂಲಚಿತ್ರವು ಒಂದು ಪೋಸ್ಟರ್ ಆಗಿ ಅದರ ಸುತ್ತ ಬೇರೊಂದು ಕೋಣೆಯೇ ಮೂಡಿದ್ದರೆ, ನಿಮ್ಮ ಚಿತ್ರದ ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಅಗಲದ ಗೆರೆಯೊಂದು ಉಳಿದಿದೆ ಎಂದರ್ಥ. ಸ್ಕ್ರೀನ್‌ಶಾಟ್‌ಗಳಲ್ಲಿ, ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳಲ್ಲಿ ಮತ್ತು ಹಿಂದೊಮ್ಮೆ ಯಾವುದೋ ಆ್ಯಪ್‌ನಲ್ಲಿ ಬಾರ್ಡರ್ ಹಾಕಿಸಿಕೊಂಡ ಚಿತ್ರಗಳಲ್ಲಿ ಇದು ಸಾಮಾನ್ಯ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಬಿಳಿ ಗೆರೆಯನ್ನು ಮಾಡೆಲ್ ಚೌಕಟ್ಟೆಂದೇ ಓದಿಕೊಂಡು, ಚೌಕಟ್ಟಿನ ಹೊರಗೆ ಏನಿರಬೇಕೋ ಅದನ್ನು ನಿಷ್ಠೆಯಿಂದ ಬರೆಯುತ್ತದೆ. ಹಿಗ್ಗಿಸುವ ಮೊದಲು ಆಯಾ ಬದಿಯಿಂದ 8ರಿಂದ 16 ಪಿಕ್ಸೆಲ್ ಕತ್ತರಿಸಿ ಮತ್ತೊಮ್ಮೆ ಪ್ರಯತ್ನಿಸಿ. ಮೂಲೆ ದುಂಡಗಿರುವ ಸ್ಕ್ರೀನ್‌ಶಾಟ್ ಆಗಿದ್ದರೆ ಆ ದುಂಡು ಪೂರ್ತಿ ಹೋಗುವವರೆಗೂ ಕತ್ತರಿಸಬೇಕು.

ಕಂಬದಂಥ ನೆರಳಿನ ಕಾರಣ ಬೇರೆ. ಹಳೆಯ ಲೆನ್ಸ್‌ಗಳಿಂದ ತೆಗೆದ ಅಥವಾ ಫಿಲ್ಟರ್ ಹಾಕಿದ ಫೋಟೋಗಳಲ್ಲಿ ಮೂಲೆಗಳು ಮಧ್ಯಭಾಗಕ್ಕಿಂತ ಕಪ್ಪಾಗಿರುತ್ತವೆ. ಹಿಗ್ಗಿಸಿದ ಮೇಲೆ ಆ ಮೂಲೆಗಳು ಚಿತ್ರದ ಒಳಗೆ ಸೇರಿಕೊಂಡು, ಎರಡು ಬೆಳಕಿನ ಭಾಗಗಳ ನಡುವೆ ಮಂಕು ಪಟ್ಟಿಯಾಗಿ ಉಳಿಯುತ್ತವೆ. ಫೋಟೋ ತಿದ್ದುವ ತಂತ್ರಾಂಶದ ವಿಗ್ನೆಟ್ ತಿದ್ದುಪಡಿಯಿಂದ ಮೂಲೆಗಳನ್ನು ಮೊದಲು ಸಮಬೆಳಕಿಗೆ ತನ್ನಿ, ಆಮೇಲೆ ಹಿಗ್ಗಿಸಿ. ಆ ಕಪ್ಪು ಮೂಲೆಯ ಸೊಗಸು ಬೇಕೆಂದರೆ ಕೊನೆಯಲ್ಲಿ ಇಡೀ ಚಿತ್ರಕ್ಕೆ ಹೊಸದಾಗಿ ಹಾಕಿಕೊಳ್ಳಬಹುದು.

ಲಕ್ಷಣ: ಹಳೆಯದೂ ಹೊಸದೂ ಸೇರುವ ಜಾಗದಲ್ಲಿ ಗೆರೆ ಎದ್ದು ಕಾಣುತ್ತಿದೆ

ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು. ಹೊರನೋಟಕ್ಕೆ ಒಂದೇ ಆಗಿ ಕಂಡರೂ ಇದರಲ್ಲಿ ಮೂರು ಬಗೆಯ ದೋಷಗಳಿವೆ, ಮತ್ತು ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ನಾಟುವುದಿಲ್ಲ. ಆದ್ದರಿಂದ ಗೆರೆಯನ್ನು ಹತ್ತಿರದಿಂದ ನೋಡಿ ಅದು ಯಾವ ಜಾತಿಯದೆಂದು ಮೊದಲು ತೀರ್ಮಾನಿಸಬೇಕು.

ಗೆರೆ ಚಾಕುವಿನಿಂದ ಕೊಯ್ದಂತೆ ನೇರವಾಗಿದ್ದು, ಅದರ ಎರಡೂ ಬದಿಯ ವಸ್ತುಗಳು ಒಂದಕ್ಕೊಂದು ಕೂಡಿಕೊಳ್ಳದೆ ನಿಂತಿದ್ದರೆ, ಹಳೆಯ ಭಾಗದ ಮೇಲೆ ಹೊಸ ಭಾಗ ಸ್ವಲ್ಪವೂ ಹಾಯ್ದಿಲ್ಲವೆಂದು ತಿಳಿಯಬೇಕು. ಮಾಸ್ಕ್, ಅಂದರೆ ಎಲ್ಲಿ ಹೊಸದಾಗಿ ಬರೆಯಬೇಕೆಂದು ತೋರಿಸುವ ಪದರ, ಮೂಲಚಿತ್ರದ ಅಂಚಿನಲ್ಲಿಯೇ ಸರಿಯಾಗಿ ನಿಲ್ಲಬಾರದು. ಅದು 20ರಿಂದ 60 ಪಿಕ್ಸೆಲ್‌ನಷ್ಟು ಮೂಲದ ಒಳಗೆ ಬಂದಿರಬೇಕು ಮತ್ತು ಅದರ ತುದಿ ಮೆದುವಾಗಿರಬೇಕು. ಕಂಫಿಯುಐಯಲ್ಲಿ ಔಟ್‌ಪೇಂಟಿಂಗ್‌ಗೆಂದು ಚಿತ್ರಕ್ಕೆ ಜಾಗ ಸೇರಿಸುವ ನೋಡ್‌ನಲ್ಲಿ (ಒಂದೊಂದು ಕೆಲಸಕ್ಕೆ ಒಂದರಂತೆ ಇರುವ ಪೆಟ್ಟಿಗೆಯಲ್ಲಿ) ತುದಿಯ ಮೆದುವನ್ನು ತಿಳಿಸುವ ಫೆದರಿಂಗ್ ಎಂಬ ಅಂಕಿ 40 ಎಂದು ಮೊದಲೇ ಇರುತ್ತದೆ, ದೊಡ್ಡ ಚಿತ್ರಗಳಿಗೆ ಅದನ್ನು ಏರಿಸಬೇಕಾಗುತ್ತದೆ. ಆಟೋಮ್ಯಾಟಿಕ್1111ರಲ್ಲಿ ಮಾಸ್ಕ್ ಬ್ಲರ್ ಮೊದಲಿಗೆ 4 ಮಾತ್ರ ಇರುವುದರಿಂದ ಗೆರೆ ಕಾಣಿಸುವುದು ಸಹಜವೇ. ಫೋಟೋಶಾಪ್ ಬಳಸುವವರು ಗೆರೆಯನ್ನು ನಡುವಿಟ್ಟುಕೊಂಡು ಒಂದು ಕಿರಿದಾದ ಉದ್ದ ಆಯ್ಕೆ ಮಾಡಿ, ಪ್ರಾಂಪ್ಟ್ (ಏನು ಬರೆಯಬೇಕೆಂದು ಮಾತಿನಲ್ಲಿ ಹೇಳುವ ಸೂಚನೆ) ಖಾಲಿ ಬಿಟ್ಟು, ಆಯ್ದ ಜಾಗವನ್ನು ಎಐಯಿಂದ ತುಂಬಿಸುವ ಜನರೇಟಿವ್ ಫಿಲ್ ಅನ್ನು ಅಷ್ಟಕ್ಕೆ ಮಾತ್ರ ಇನ್ನೊಮ್ಮೆ ಓಡಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಪಿಎನ್‌ಜಿ ಚಿತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿನ್ನೆಲೆ ತೆಗೆದ ಅಥವಾ ತಿರುಗಿಸಿ ನೇರ ಮಾಡಿದ ಚಿತ್ರದ ಕೊನೆಯ ಪಿಕ್ಸೆಲ್ ಸಾಲು ಅರೆಪಾರದರ್ಶಕವಾಗಿರುತ್ತದೆ. ಅದು ಪೂರ್ತಿ ಹಳೆಯದೂ ಅಲ್ಲ, ಪೂರ್ತಿ ಖಾಲಿಯೂ ಅಲ್ಲ, ಹಾಗಾಗಿ ಕೂದಲೆಳೆಯಷ್ಟು ಬೆಳ್ಳನೆಯ ಅಥವಾ ಕಪ್ಪನೆಯ ಗೆರೆಯಾಗಿ ಉಳಿದುಬಿಡುತ್ತದೆ. ಎರಡು ಪಿಕ್ಸೆಲ್ ಕತ್ತರಿಸಿದರೆ ಸಾಕು.

ವಸ್ತುಗಳು ಚೆನ್ನಾಗಿ ಕೂಡಿಕೊಂಡಿವೆ, ಆದರೆ ಆಕಾಶ ಒಂದು ಕಡೆ ತುಸು ಹಳದಿ ಇನ್ನೊಂದು ಕಡೆ ತುಸು ನೀಲಿ ಎಂಬಂತಿದ್ದರೆ ಅದು ಬಣ್ಣದ ದೋಷ. ಮೊದಲು ಕಲರ್ ಪ್ರೊಫೈಲ್, ಅಂದರೆ ಫೈಲಿನ ಬಣ್ಣದ ಅಂಕಿಗಳನ್ನು ಹೇಗೆ ಓದಬೇಕೆಂದು ಹೇಳುವ ಗುರುತನ್ನು ನೋಡಿ. ಹಲವು ಮೊಬೈಲ್‌ಗಳು ಡಿಸ್‌ಪ್ಲೇ ಪಿ3 ಎಂಬ ವಿಸ್ತಾರವಾದ ಬಣ್ಣವಲಯದಲ್ಲಿ ಫೋಟೋ ಉಳಿಸುತ್ತವೆ, ವೃತ್ತಿಪರ ಕ್ಯಾಮೆರಾಗಳಲ್ಲಿ ಅಡೋಬ್ ಆರ್‌ಜಿಬಿ ಇರಬಹುದು. ತೆರೆದ ಮೂಲದ ಉಪಕರಣಗಳಲ್ಲಿ ಹೆಚ್ಚಿನವು ಪ್ರೊಫೈಲ್ ಅನ್ನು ಲೆಕ್ಕಿಸದೆ ಎಲ್ಲವನ್ನೂ ಪರದೆಗಳ ಸಾಮಾನ್ಯ ಬಣ್ಣವಲಯವಾದ ಎಸ್‌ಆರ್‌ಜಿಬಿ ಎಂದೇ ಎಣಿಸುತ್ತವೆ. ಆದ್ದರಿಂದ ಚಿತ್ರವನ್ನು 8 ಬಿಟ್‌ನ ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಆಮೇಲೆ ಕೊಡಿ. ಪರಿವರ್ತಿಸುವುದು ಬೇರೆ, ಪ್ರೊಫೈಲಿನ ಹೆಸರನ್ನಷ್ಟೇ ಬದಲಿಸುವುದು ಬೇರೆ. ಎರಡನೆಯದನ್ನು ಮಾಡಿದರೆ ಇಡೀ ಚಿತ್ರವೇ ಬಣ್ಣಗೆಡುತ್ತದೆ. ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಅದು ಮಾಡೆಲ್‌ನ ಒಳಗೆ ಚಿತ್ರ ಕುಗ್ಗಿ ಮತ್ತೆ ಹಿಗ್ಗುವಾಗ ಆದ ಸಣ್ಣ ಪಲ್ಲಟವಾಗಿರುತ್ತದೆ. ಹೊಸ ಭಾಗ ಪ್ರತ್ಯೇಕ ಲೇಯರಿನಲ್ಲಿ (ಪದರದಲ್ಲಿ) ಇದ್ದರೆ ಬೆಳಕು ಬಣ್ಣ ತಿದ್ದುವ ಕರ್ವ್ಸ್ ಬಳಸಿ ಕೈಯಿಂದಲೇ ಹೊಂದಿಸುವುದು ಮಾಡೆಲ್ ಜೊತೆ ಗುದ್ದಾಡುವುದಕ್ಕಿಂತ ಬೇಗ ಮುಗಿಯುತ್ತದೆ.

ಮೂರನೆಯದು ಕಾಳಿನ, ಅಂದರೆ ನಾಯ್ಸ್‌ನ ದೋಷ. ಬಣ್ಣವೂ ಸರಿ, ಆಕಾರವೂ ಸರಿ, ಆದರೂ ಹೊಸ ಭಾಗ ಪ್ಲಾಸ್ಟಿಕ್ ಹಾಳೆಯಂತೆ ನುಣ್ಣಗೆ ಕಾಣುತ್ತದೆ. ಕಡಿಮೆ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಸಣ್ಣ ಸಣ್ಣ ಕಾಳುಗಳಿರುತ್ತವೆ, ಮಾಡೆಲ್ ಅವನ್ನು ಮುಂದುವರಿಸುವುದಿಲ್ಲ. ಹೊಸ ಲೇಯರಿಗೆ ಸ್ವಲ್ಪ ನಾಯ್ಸ್ ಸೇರಿಸಿ ಹೊಂದಿಸಿ, ಅಥವಾ ಮೂಲದ ಕಾಳನ್ನು ಮೊದಲೇ ತೆಗೆದು ಹಿಗ್ಗಿಸಿ ಕೊನೆಯಲ್ಲಿ ಇಡೀ ಚಿತ್ರಕ್ಕೆ ಒಂದೇ ಕಾಳು ಹಾಕಿ. ಅಚ್ಚಿಗೆ ಹೋಗುವ ಚಿತ್ರವಾದರೆ ಎರಡನೆಯ ದಾರಿಯೇ ಒಳ್ಳೆಯದು.

ಲಕ್ಷಣ: ಹೊಸ ಭಾಗ ಮಸುಕಾಗಿದೆ

ಇಲ್ಲಿ ಲೆಕ್ಕ ಹಾಕಿ ನೋಡಬೇಕು. ಸ್ಟೇಬಲ್ ಡಿಫ್ಯೂಷನ್ 1.5 ಮಾಡೆಲ್ ಕಲಿತದ್ದು 512 × 512 ಪಿಕ್ಸೆಲ್‌ಗಳಲ್ಲಿ, 2023ರ ಜುಲೈನಲ್ಲಿ ಬಂದ ಎಸ್‌ಡಿಎಕ್ಸ್‌ಎಲ್ ಕಲಿತದ್ದು 1024 × 1024ರ ಆಸುಪಾಸಿನಲ್ಲಿ. ಆರಂಭದ ಫೋಟೋಶಾಪ್ ಜನರೇಟಿವ್ ಫಿಲ್ ಕೂಡ ಒಂದು ಬಾರಿಗೆ 1024 × 1024ಕ್ಕಿಂತ ದೊಡ್ಡದನ್ನು ಬರೆಯುತ್ತಿರಲಿಲ್ಲ. ನಿಮ್ಮ ಕ್ಯಾಮೆರಾದ ಫೋಟೋ 6000 × 4000 ಇದ್ದು, ಬಲಕ್ಕೆ 1500 ಪಿಕ್ಸೆಲ್ ಅಗಲ ಮತ್ತು 4000 ಪಿಕ್ಸೆಲ್ ಎತ್ತರದ ಪಟ್ಟಿಯನ್ನು ಕೇಳಿದಿರಿ ಎಂದುಕೊಳ್ಳೋಣ. ಉಪಕರಣ ಅದನ್ನು 1024ರ ಎತ್ತರದಲ್ಲಿ ಬರೆದು ಸುಮಾರು ನಾಲ್ಕು ಪಟ್ಟು ಎಳೆದು ಕೂರಿಸಿದರೆ ಮಸುಕಾಗದೆ ಇನ್ನೇನಾದೀತು?

ಮೊದಲ ಪರಿಹಾರ: ಅಂತಿಮವಾಗಿ ಎಷ್ಟು ದೊಡ್ಡ ಚಿತ್ರ ಬೇಕೆಂದು ಕೇಳಿಕೊಳ್ಳಿ. ರೀಲ್ಸ್‌ಗೆ 1080 × 1920 ಸಾಕು, ಯೂಟ್ಯೂಬ್ ಥಂಬ್‌ನೇಲ್‌ಗೆ 1280 × 720 ಸಾಕು. ಮೂಲವನ್ನು ಆ ಅಳತೆಗೆ ಕುಗ್ಗಿಸಿ ಆಮೇಲೆ ಹಿಗ್ಗಿಸಿದರೆ ಮಸುಕಿನ ಸಮಸ್ಯೆ ತಾನಾಗಿ ಮಾಯವಾಗುತ್ತದೆ. ದೊಡ್ಡ ಗಾತ್ರವೇ ಬೇಕಿದ್ದರೆ ಒಂದೇ ಬಾರಿಗೆ ಇಡೀ ಪಟ್ಟಿಯನ್ನು ಕೇಳದೆ, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ತುಂಡು ತುಂಡಾಗಿ ತುಂಬಿಸಿ. ರಿಯಲ್-ಇಎಸ್‌ಆರ್‌ಗ್ಯಾನ್‌ನಂಥ, ಚಿತ್ರದ ಗಾತ್ರ ಹೆಚ್ಚಿಸುವ ಅಪ್‌ಸ್ಕೇಲರ್ ಅನ್ನು ಹೊಸ ಭಾಗಕ್ಕೆ ಮಾತ್ರ ಬಳಸುವುದು ಕೊನೆಯ ಉಪಾಯ. ಇಡೀ ಚಿತ್ರಕ್ಕೆ ಬಳಸಿದರೆ ಮೂಲದ ಮುಖಗಳೂ ಮೇಣದ ಮುಖಗಳಾಗುವ ಅಪಾಯವಿದೆ.

ಲಕ್ಷಣ: ಅದೇ ವ್ಯಕ್ತಿ ಅಥವಾ ಅದೇ ವಸ್ತು ಪಕ್ಕದಲ್ಲಿ ಮತ್ತೊಮ್ಮೆ ಬಂದಿದೆ

ಮದುಮಗಳ ಪಕ್ಕದಲ್ಲಿ ಇನ್ನೊಬ್ಬ ಮದುಮಗಳು ಬಂದು ನಿಂತಿದ್ದರೆ, ಪ್ರಾಂಪ್ಟ್‌ನಲ್ಲಿ ನೀವು ಇಡೀ ಚಿತ್ರವನ್ನು ವರ್ಣಿಸಿದ್ದೀರಿ ಎಂದೇ ತಿಳಿಯಿರಿ. ಮದುಮಗಳು ಆಗಲೇ ಚಿತ್ರದಲ್ಲಿದ್ದಾಳೆ, ಅವಳನ್ನು ಹೊಸದಾಗಿ ಬರೆಯಬೇಕಿಲ್ಲ ಎಂಬ ವಿವೇಚನೆಯನ್ನು ಮಾಡೆಲ್‌ನಿಂದ ನಿರೀಕ್ಷಿಸುವಂತಿಲ್ಲ. ಅದು ತುಂಬಬೇಕಾದ ಜಾಗಕ್ಕೆ ಪ್ರಾಂಪ್ಟ್ ಅನ್ನು ಅನ್ವಯಿಸುತ್ತದೆ, ಅಷ್ಟೆ. ಆದ್ದರಿಂದ ಹೊಸ ಜಾಗದಲ್ಲಿ ಏನಿರಬೇಕೋ ಅದನ್ನು ಮಾತ್ರ ಬರೆಯಿರಿ: ಹೂವಿನ ಅಲಂಕಾರದ ಮಂಟಪದ ಹಿನ್ನೆಲೆ, ಮಸುಕಾದ ಸಭಾಂಗಣ, ಮರದ ಕುರ್ಚಿಗಳು. ಫೋಟೋಶಾಪ್‌ನಲ್ಲಿ ಪ್ರಾಂಪ್ಟ್ ಖಾಲಿ ಬಿಡುವುದೇ ಮೊದಲ ಪ್ರಯತ್ನವಾಗಿರಲಿ.

ಪ್ರಾಂಪ್ಟ್ ಸರಿಯಿದ್ದರೂ ಇದು ಮರುಕಳಿಸಿದರೆ ಮಾಡೆಲ್‌ಗೆ ಸುತ್ತಲಿನ ದೃಶ್ಯ ಸಾಕಷ್ಟು ಕಾಣುತ್ತಿಲ್ಲವೆಂದು ಅನುಮಾನಿಸಬೇಕು. ಆಟೋಮ್ಯಾಟಿಕ್1111ರಲ್ಲಿ ಮಾಸ್ಕ್ ಮಾಡಿದಷ್ಟೇ ಜಾಗವನ್ನು ತೆಗೆದುಕೊಳ್ಳುವ ಆಯ್ಕೆ ಹಾಕಿದ್ದರೆ ಸುತ್ತಲಿನ ಪ್ಯಾಡಿಂಗ್ ಮೊದಲಿಗೆ 32 ಪಿಕ್ಸೆಲ್ ಮಾತ್ರ ಇರುತ್ತದೆ. ಕಿಂಡಿಯಷ್ಟು ಜಾಗದಿಂದ ನೋಡಿದವರಿಗೆ ಒಳಗೆ ಮದುಮಗಳು ಇದ್ದಾಳೆಂದು ಗೊತ್ತಾಗುವುದಾದರೂ ಹೇಗೆ? ಪ್ಯಾಡಿಂಗ್ ಅನ್ನು 128 ಅಥವಾ ಅದಕ್ಕೂ ಹೆಚ್ಚು ಮಾಡಿ, ಇಲ್ಲವೇ ಇಡೀ ಚಿತ್ರವನ್ನು ಪರಿಗಣಿಸುವ ಆಯ್ಕೆಗೆ ಬದಲಿಸಿ.

ಲಕ್ಷಣ: ದಿಗಂತ ಬಾಗಿದೆ, ಗೋಡೆ ಕೂಡುತ್ತಿಲ್ಲ, ದೂರ ಹೋದಂತೆ ಚಿತ್ರ ಅಸಂಬದ್ಧವಾಗುತ್ತಿದೆ

ಕೇಳಿದ್ದು ಅತಿಯಾಯಿತು ಎಂಬುದರ ಗುರುತು ಇದು. 1600 × 1200ರ ಫೋಟೋವನ್ನು 16:9ಕ್ಕೆ ತರಬೇಕಾದರೆ ಅಗಲ ಸುಮಾರು 2133 ಆಗಬೇಕು, ಅಂದರೆ ಎರಡು ಬದಿಗೂ 267 ಪಿಕ್ಸೆಲ್‌ನಷ್ಟು. ಇದು ಯಾವ ಉಪಕರಣಕ್ಕೂ ಹೊರೆಯಲ್ಲ. ಆದರೆ 1920 × 1080ರ ಅಡ್ಡ ಚಿತ್ರವನ್ನು ಅಗಲ ಕತ್ತರಿಸದೆ 9:16ರ ಉದ್ದ ಚಿತ್ರವಾಗಿಸಬೇಕಾದರೆ ಎತ್ತರ 3413 ಆಗಬೇಕು. ಹಾಗೆ ಮಾಡಿದ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಲ್ಪನೆಯೇ ಆಗಿರುತ್ತದೆ. ಅದನ್ನು ಹಿಗ್ಗಿಸುವುದು ಎನ್ನುವುದಕ್ಕಿಂತ ಹೊಸ ಚಿತ್ರ ಬರೆಸಿ ನಡುವೆ ಹಳೆಯದನ್ನು ಅಂಟಿಸುವುದು ಎಂದರೆ ಹೆಚ್ಚು ಪ್ರಾಮಾಣಿಕವಾದೀತು. ಎರಡೂ ಬದಿಯನ್ನು ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಮಾತ್ರ ಹಿಗ್ಗಿಸಿ.

ಒಂದು ಸಲಕ್ಕೆ ಒಂದೇ ಬದಿ, ಆ ಬದಿಯ ಅಳತೆಯ ಕಾಲು ಭಾಗದಷ್ಟು ಎಂಬ ಮಿತಿ ಇಟ್ಟುಕೊಂಡರೆ ಗೆರೆಗಳು ಹದ್ದಿನಲ್ಲಿರುತ್ತವೆ. ಆದರೆ ಹಂತ ಹಂತವಾಗಿ ಬಹಳ ದೂರ ಹೋದರೆ ತಪ್ಪುಗಳೂ ಕೂಡುತ್ತಾ ಹೋಗುತ್ತವೆ, ಏಕೆಂದರೆ ಎರಡನೆಯ ಹಂತಕ್ಕೆ ಆಧಾರವಾಗುವುದು ಮೊದಲ ಹಂತದ ಊಹೆ. ಸಮುದ್ರ ಅಥವಾ ಬಯಲಿನ ಚಿತ್ರವಾದರೆ ಮೊದಲು ದಿಗಂತವನ್ನು ನೇರ ಮಾಡಿಕೊಳ್ಳಿ. ಮೂಲದಲ್ಲಿ ಕಣ್ಣಿಗೆ ಬೀಳದ ಒಂದು ಡಿಗ್ರಿಯ ವಾಲುವಿಕೆ ಅಗಲ ಇಮ್ಮಡಿಯಾದಾಗ ಎದ್ದು ಕಾಣುತ್ತದೆ. ಕಟ್ಟಡದ ಚಿತ್ರಗಳಲ್ಲಿ, ಖಾಲಿ ಕ್ಯಾನ್‌ವಾಸ್ ಮೇಲೆ ಚಾವಣಿಯ ಮತ್ತು ನೆಲದ ಗೆರೆಗಳನ್ನು ಬ್ರಷ್‌ನಿಂದ ಒರಟಾಗಿ ಎಳೆದು, ಸುಮಾರು ಬಣ್ಣ ಬಳಿದು, ಡಿನಾಯ್ಸಿಂಗ್ ಸ್ಟ್ರೆಂಗ್ತ್ (ಇರುವುದನ್ನು ಎಷ್ಟರಮಟ್ಟಿಗೆ ಅಳಿಸಿ ಬರೆಯಬೇಕೆಂಬ ಅಂಕಿ) 0.75ರ ಆಸುಪಾಸಿನಲ್ಲಿ ಓಡಿಸಿದರೆ ಮಾಡೆಲ್ ಆ ಗೆರೆಗಳನ್ನು ಹಿಡಿದುಕೊಂಡು ಸಾಗುತ್ತದೆ. ಚಿತ್ರ ಬರೆಯಲು ಬಾರದವರೂ ಇದನ್ನು ಮಾಡಬಹುದು, ಗೆರೆಯ ದಿಕ್ಕು ಸರಿಯಿದ್ದರೆ ಸಾಕು.

ಲಕ್ಷಣ: ಕೈಬೆರಳು, ಸೀರೆಯ ಸೆರಗು, ಫಲಕದ ಕನ್ನಡ ಅಕ್ಷರಗಳು ಕೆಟ್ಟಿವೆ

ಮೊಣಕೈಯಲ್ಲಿ ಕತ್ತರಿಸಿ ಹೋದ ತೋಳನ್ನು ಮಾಡೆಲ್ ಪೂರ್ತಿ ಮಾಡಲು ಹೋಗುತ್ತದೆ, ಬೆರಳುಗಳ ಲೆಕ್ಕ ತಪ್ಪುತ್ತದೆ. ಹಿಗ್ಗಿಸುವ ಪ್ರಮಾಣವನ್ನು ಮುಂಗೈಗಿಂತ ಮೊದಲೇ ನಿಲ್ಲಿಸಿದರೆ ಬೆರಳನ್ನು ಬರೆಯುವ ಪ್ರಸಂಗವೇ ಬರುವುದಿಲ್ಲ. ಅದಾಗದಿದ್ದರೆ ಕೈಯ ಜಾಗಕ್ಕಷ್ಟೇ ಆಯ್ಕೆ ಮಾಡಿ ಮರುಪ್ರಯತ್ನಿಸಿ.

ಬಟ್ಟೆಯ ವಿಷಯದಲ್ಲಿ ತಪ್ಪು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಇಳಕಲ್ ಸೀರೆ ಉಟ್ಟವರ ಚಿತ್ರದಲ್ಲಿ ಸೆರಗು ಚೌಕಟ್ಟಿನ ಹೊರಗೆ ಹೋಗಿದ್ದರೆ, ಕೆಂಪು ಬಿಳಿ ಬಣ್ಣದ ಟೋಪ್ ತೆನಿ ವಿನ್ಯಾಸದ ಬದಲು ಎಲ್ಲಿಯೂ ನೇಯದ ಹೂಬಳ್ಳಿಯ ಜರಿಯನ್ನು ಮಾಡೆಲ್ ತಂದಿಡುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಬಾಗಲಕೋಟೆಯವರ ಮುಂದೆ ಇಟ್ಟಾಗ ಮಾತ್ರ ಸಿಕ್ಕಿಬೀಳುತ್ತದೆ. ಅದೇ ಸೀರೆಯ ಬೇರೊಂದು ಫೋಟೋ ಇದ್ದರೆ ಸೆರಗಿನ ತುಂಡನ್ನು ಅಲ್ಲಿಂದ ತಂದು ಕೂರಿಸಿ, ಅಂಚುಗಳನ್ನು ಬೆಸೆಯಲು ಮಾತ್ರ ಎಐ ಬಳಸಿ.

ಕನ್ನಡ ಅಕ್ಷರಗಳಲ್ಲಂತೂ ಪ್ರಯತ್ನವನ್ನೇ ಬಿಡುವುದು ಲೇಸು. ಅಂಗಡಿಯ ಫಲಕ ‘ಪ್ರಾವಿಜನ್ ಸ್ಟೋ’ ಎಂಬಲ್ಲಿಗೆ ಕತ್ತರಿಸಿ ಹೋಗಿದ್ದರೆ, ಮುಂದೆ ಬರುವುದು ತಲೆಕಟ್ಟಿನಂಥ ಒಂದು ಗೀಟು, ಕೆಳಗೆ ಒತ್ತಿನಂತೆ ಕಾಣುವ ಒಂದು ಸುರುಳಿ, ನಡುವೆ ಕನ್ನಡವೂ ಅಲ್ಲದ ತೆಲುಗೂ ಅಲ್ಲದ ಒಂದು ಗುಂಡು ಆಕಾರ. ವಿಸ್ತರಣೆಯ ಮಾಡೆಲ್‌ಗಳು ಅಕ್ಷರವನ್ನು ಆಕಾರವೆಂದು ನೋಡುತ್ತವೆಯೇ ಹೊರತು ಓದುವುದಿಲ್ಲ, ಕಾಗುಣಿತ ಮತ್ತು ಒತ್ತಕ್ಷರ ಸೇರಿದಾಗ ಆಕಾರಗಳ ಸಂಖ್ಯೆ ಬಹಳವಾಗುತ್ತದೆ. ಖಾಲಿ ಫಲಕವನ್ನು ಮಾತ್ರ ಬರೆಸಿ, ಪದವನ್ನು ನೋಟೊ ಸ್ಯಾನ್ಸ್ ಕನ್ನಡ ಅಥವಾ ‘ಬಾಲೂ ತಮ್ಮ’ದಂಥ ಯೂನಿಕೋಡ್ ಫಾಂಟ್‌ನಲ್ಲಿ ಟೈಪ್ ಮಾಡಿ, ಫಲಕದ ವಾಲಿಗೆ ತಕ್ಕಂತೆ ತಿರುಗಿಸಿ ಕೂರಿಸಿ. ಫೋಟೋಶಾಪ್‌ನಲ್ಲಿ ಟೈಪ್ ಮಾಡಿದಾಗ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ನಿಂತರೆ ಅದು ಎಐ ದೋಷವಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆಯಿರುವ ಆವೃತ್ತಿಯಾದರೆ ಅದನ್ನು ವರ್ಲ್ಡ್-ರೆಡಿ ಲೇಔಟ್‌ಗೆ ಬದಲಿಸಿ, ತಂತ್ರಾಂಶ ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಮಧ್ಯಪ್ರಾಚ್ಯ ಮತ್ತು ದಕ್ಷಿಣ ಏಷ್ಯಾ ಎಂಬ ಹೆಸರಿತ್ತು.

ಲಕ್ಷಣ: ಮುಟ್ಟಬಾರದಿದ್ದ ಮೂಲಭಾಗವೇ ಬದಲಾಗಿದೆ

ಮುಖ ಸ್ವಲ್ಪ ಬೇರೆಯವರಂತೆ ಕಾಣುತ್ತಿದೆ ಎಂಬ ಅನುಮಾನ ಬಂದರೆ ಅದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಫೋಟೋಶಾಪ್, ಜಿಂಪ್ ಅಥವಾ ಬ್ರೌಸರ್‌ನಲ್ಲೇ ನಡೆಯುವ ಫೋಟೋಪಿಯಾದಲ್ಲಿ ಮೂಲಚಿತ್ರವನ್ನು ಹೊಸ ಚಿತ್ರದ ಮೇಲೆ ಲೇಯರ್ ಆಗಿ ಸರಿಯಾದ ಜಾಗಕ್ಕೆ ಕೂರಿಸಿ, ಬ್ಲೆಂಡ್ ಮೋಡ್ ಅನ್ನು ಡಿಫರೆನ್ಸ್‌ಗೆ ಬದಲಿಸಿ. ಎರಡೂ ಒಂದೇ ಆಗಿದ್ದರೆ ಆ ಜಾಗ ಪೂರ್ತಿ ಕಪ್ಪಾಗಿ ಕಾಣುತ್ತದೆ. ಕಣ್ಣು, ರೆಪ್ಪೆ, ಕೂದಲಿನ ಅಂಚು ಬೂದು ಗೆರೆಗಳಾಗಿ ತೋರಿದರೆ ಮೂಲ ಬದಲಾಗಿದೆ. ಬೂದು ತೀರಾ ಮಂದವಾಗಿದ್ದು ಎಲ್ಲ ಕಡೆ ಸಮನಾಗಿದ್ದರೆ ಅದು ಜೆಪೆಗ್ ಆಗಿ ಮತ್ತೆ ಉಳಿಸಿದ್ದರಿಂದ ಬಂದಿರಬಹುದು, ಚಿಂತೆಯಿಲ್ಲ. ಇಡೀ ಚಿತ್ರ ಎರಡೆರಡಾಗಿ ಕಂಡರೆ ಲೇಯರನ್ನೇ ಸರಿಯಾಗಿ ಕೂರಿಸಿಲ್ಲ ಅಥವಾ ಅಳತೆ ಬದಲಾಗಿದೆ.

ಸ್ವಂತ ಕಂಪ್ಯೂಟರಿನ ಉಪಕರಣಗಳಲ್ಲಿ ಇದಕ್ಕೆ ಕಾರಣ ಸ್ಪಷ್ಟವಿದೆ. ಸ್ಟೇಬಲ್ ಡಿಫ್ಯೂಷನ್ ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ವಿಎಇ ಎಂಬ ಭಾಗವು ಚಿತ್ರವನ್ನು ಉದ್ದ ಮತ್ತು ಅಗಲ ಎರಡರಲ್ಲೂ ಎಂಟನೆಯ ಒಂದು ಪಾಲಿಗೆ ಕುಗ್ಗಿಸುತ್ತದೆ, 1024 × 1024ರ ಚಿತ್ರ ಒಳಗೆ 128 × 128 ಆಗಿರುತ್ತದೆ. ಕೊನೆಗೆ ಅದನ್ನು ಹಿಗ್ಗಿಸಿ ಕೊಡುವಾಗ ಮಾಸ್ಕ್‌ನ ಹೊರಗಿನ ಭಾಗವೂ ಈ ಕುಗ್ಗು ಹಿಗ್ಗಿಗೆ ಒಳಗಾಗಿರುತ್ತದೆ, ಮತ್ತು ಚಿತ್ರದಲ್ಲಿ ಚಿಕ್ಕದಾಗಿರುವ ಮುಖಗಳಿಗೆ ಅದರ ಪೆಟ್ಟು ಹೆಚ್ಚು. ಕೊನೆಯ ಹಂತದಲ್ಲಿ ಮೂಲಚಿತ್ರವನ್ನು ಅದೇ ಮಾಸ್ಕ್ ಬಳಸಿ ಮೇಲೆ ಅಂಟಿಸುವುದೇ ಪರಿಹಾರ. ಕಂಫಿಯುಐಯಲ್ಲಿ ಇದಕ್ಕೆ ಮಾಸ್ಕ್ ಸಹಿತ ಚಿತ್ರ ಜೋಡಿಸುವ ನೋಡ್ ಇದೆ. ಹಂತ ಹಂತವಾಗಿ ಹಿಗ್ಗಿಸುವವರು ಇದನ್ನು ಪ್ರತಿ ಹಂತದಲ್ಲಿಯೂ ಮಾಡಬೇಕು, ಇಲ್ಲವಾದರೆ ನಾಲ್ಕನೆಯ ಸುತ್ತಿನ ಹೊತ್ತಿಗೆ ಅಜ್ಜಿಯ ಮುಖ ಅಪರಿಚಿತರದಾಗಿರುತ್ತದೆ.

ಲಕ್ಷಣ: ಹೊಸ ಭಾಗ ಬೂದು ಹಾಳೆಯಾಗಿಯೋ ಎಳೆದ ಬಣ್ಣದ ಪಟ್ಟೆಗಳಾಗಿಯೋ ಉಳಿದಿದೆ

ಇಲ್ಲಿಂದ ಮುಂದಿನ ಎರಡು ವಿಭಾಗಗಳು ಸ್ವಂತ ಕಂಪ್ಯೂಟರಿನಲ್ಲಿ ಮಾಡುವವರಿಗೆ ಮಾತ್ರ. ಅಂಚಿನ ಬಣ್ಣಗಳು ಅಡ್ಡಲಾಗಿ ಎಳೆದ ಪಟ್ಟೆಗಳಾಗಿ ಉಳಿದಿದ್ದರೆ ಡಿನಾಯ್ಸಿಂಗ್ ಸ್ಟ್ರೆಂಗ್ತ್ ಕಡಿಮೆಯಾಗಿದೆ. 0.4 ಎಂಬ ಅಂಕಿ ಇರುವ ಚಿತ್ರವನ್ನು ತಿದ್ದಲು ಸಾಕಾಗಬಹುದು, ಖಾಲಿ ಜಾಗದಲ್ಲಿ ಬರೆಯಲು ಸಾಕಾಗುವುದಿಲ್ಲ. ಅದನ್ನು 0.8ರಿಂದ 1ರವರೆಗೆ ಏರಿಸಿ. ಕಂಫಿಯುಐಯ ಇನ್‌ಪೇಂಟಿಂಗ್‌ಗೆಂದೇ (ಮಾಸ್ಕ್ ಮಾಡಿದ ಜಾಗ ತುಂಬುವುದಕ್ಕೆಂದೇ) ಇರುವ ವಿಎಇ ಎನ್‌ಕೋಡ್ ನೋಡ್ ಬಳಸಿದಾಗಲಂತೂ 1 ಇರಲೇಬೇಕು, ಕಡಿಮೆಯಾದರೆ ಬೂದು ಬಣ್ಣ ಹಾಗೆಯೇ ಉಳಿಯುತ್ತದೆ.

ಮೂಲಚಿತ್ರ ಅಳಿಸಿಹೋಗಿ ಖಾಲಿ ಜಾಗ ಖಾಲಿಯೇ ಉಳಿದಿದ್ದರೆ ಮಾಸ್ಕ್ ತಿರುವುಮುರುವಾಗಿದೆ. ಆಟೋಮ್ಯಾಟಿಕ್1111ರಲ್ಲಿ ಬಿಳಿಯಿದ್ದಲ್ಲಿ ಹೊಸದಾಗಿ ಬರೆಯಲಾಗುತ್ತದೆ, ಆದರೆ ಡಾಲ್-ಇ 2ರ ಕಾಲದ ಎಪಿಐಯಲ್ಲಿ (ಬೇರೆ ತಂತ್ರಾಂಶಗಳಿಂದ ಅದನ್ನು ಬಳಸುವ ದಾರಿಯಲ್ಲಿ) ಪಾರದರ್ಶಕವಾಗಿದ್ದ ಜಾಗವೇ ಬರೆಯಬೇಕಾದ ಜಾಗವಾಗಿತ್ತು. ಒಂದು ಉಪಕರಣದಿಂದ ಇನ್ನೊಂದಕ್ಕೆ ಹೋದವರು ಇಲ್ಲಿ ಎಡವುತ್ತಾರೆ.

ಎರಡೂ ಸರಿಯಿದ್ದು, ಹೊಸ ಭಾಗದಲ್ಲಿ ಮೂಲಕ್ಕೆ ಸಂಬಂಧವೇ ಇಲ್ಲದ ದೃಶ್ಯ ಬರುತ್ತಿದ್ದರೆ ಮಾಡೆಲ್‌ನ ಬಗೆಯನ್ನು ನೋಡಿ. ಸ್ಟೇಬಲ್ ಡಿಫ್ಯೂಷನ್ 1.5ರ ಸಾಮಾನ್ಯ ಮಾಡೆಲ್ 4 ಚಾನೆಲ್‌ಗಳನ್ನು (ಮಾಹಿತಿಯ ಪದರಗಳನ್ನು) ಮಾತ್ರ ಓದುತ್ತದೆ. ಅದರ ಇನ್‌ಪೇಂಟಿಂಗ್ ಆವೃತ್ತಿ 9 ಚಾನೆಲ್‌ಗಳನ್ನು ಓದುತ್ತದೆ: ಬರೆಯುತ್ತಿರುವ ಚಿತ್ರದ್ದು 4, ಮರೆಮಾಡಿದ ಮೂಲಚಿತ್ರದ್ದು 4, ಮಾಸ್ಕ್‌ನದು 1. ಹೆಚ್ಚುವರಿ ಐದರಿಂದಲೇ ಅದಕ್ಕೆ ಎಲ್ಲಿ ಏನಿದೆಯೆಂದು ತಿಳಿಯುವುದು. ಹಿಗ್ಗಿಸುವ ಕೆಲಸಕ್ಕೆ ಇನ್‌ಪೇಂಟಿಂಗ್ ಆವೃತ್ತಿಯನ್ನೇ ಬಳಸಿ, ಅಥವಾ 2024ರ ನವೆಂಬರ್‌ನಲ್ಲಿ ಬಂದ ಫ್ಲಕ್ಸ್ ಫಿಲ್‌ನಂಥ ಇದಕ್ಕೆಂದೇ ಮಾಡಿದ ಮಾಡೆಲ್ ಬಳಸಿ. ಫ್ಲಕ್ಸ್ ಫಿಲ್‌ಗೆ ಗೈಡೆನ್ಸ್, ಅಂದರೆ ಪ್ರಾಂಪ್ಟ್‌ಗೆ ಎಷ್ಟು ಕಟ್ಟುಬೀಳಬೇಕೆಂಬ ಅಂಕಿ, 30ರಷ್ಟು ಬೇಕು. ಬೇರೆ ಮಾಡೆಲ್‌ಗಳ ರೂಢಿಯಲ್ಲಿ 7 ಎಂದಿಟ್ಟು, ಫಲಿತಾಂಶ ಸಪ್ಪೆಯಾಯಿತೆಂದು ಮಾಡೆಲ್ ಅನ್ನು ದೂರುವುದು ಸರಿಯಲ್ಲ.

ಲಕ್ಷಣ: ಇಡೀ ಚಿತ್ರ ಕಪ್ಪಾಗಿ ಬರುತ್ತಿದೆ, ಅಥವಾ ಮೆಮೊರಿ ಸಾಲದೆಂದು ಕೆಲಸ ನಿಲ್ಲುತ್ತಿದೆ

ಎಸ್‌ಡಿಎಕ್ಸ್‌ಎಲ್‌ನಲ್ಲಿ ಕೊನೆಯ ಕ್ಷಣದವರೆಗೂ ಮುನ್ನೋಟ ಚೆನ್ನಾಗಿದ್ದು ಅಂತಿಮ ಚಿತ್ರ ಮಾತ್ರ ಕಪ್ಪಾದರೆ, ವಿಎಇ, ಮೆಮೊರಿ ಉಳಿಸಲು ಬಳಸುವ ಅರ್ಧ ನಿಖರತೆಯ ಲೆಕ್ಕದಲ್ಲಿ ಮಿತಿಮೀರಿದೆ. ಆಟೋಮ್ಯಾಟಿಕ್1111ರ ಆರಂಭದ ಆದೇಶಕ್ಕೆ ನೋ-ಹಾಫ್-ವಿಎಇ ಆಯ್ಕೆ ಸೇರಿಸಿ. ಎನ್‌ವಿಡಿಯಾದ ಜಿಟಿಎಕ್ಸ್ 16 ಸರಣಿಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಚಿತ್ರ ಕಪ್ಪಾಗುವುದು ಅಥವಾ ಹಸಿರಾಗುವುದು ತಿಳಿದಿರುವ ತೊಂದರೆ, ಅವಕ್ಕೆ ನೋ-ಹಾಫ್ ಆಯ್ಕೆಯೇ ಬೇಕಾಗಬಹುದು. ಮೆಮೊರಿ ಸಾಲದಿದ್ದರೆ ಮೊದಲು ಬ್ರೌಸರ್‌ನ ಬೇರೆ ಟ್ಯಾಬ್‌ಗಳನ್ನೂ ಆಟಗಳನ್ನೂ ಮುಚ್ಚಿ, ಆಮೇಲೆ ಕ್ಯಾನ್‌ವಾಸ್ ಅಳತೆ ಇಳಿಸಿ, ಅದಾದ ಮೇಲೆ ಕಡಿಮೆ ಗ್ರಾಫಿಕ್ಸ್ ಮೆಮೊರಿಯಲ್ಲಿ ಓಡಿಸುವ ಮೆಡ್‌ವಿರ್ಯಾಮ್ ಮತ್ತು ಲೋವಿರ್ಯಾಮ್ ಆಯ್ಕೆಗಳಿಗೆ ಹೋಗಿ. ಕೊನೆಯದು ಕೆಲಸ ಮಾಡುತ್ತದೆ, ಆದರೆ ತಾಳ್ಮೆ ಕೇಳುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಮಾಡುವಾಗ ಯಂತ್ರ ತಾನಾಗಿ ಆರಿಹೋಗುತ್ತಿದ್ದರೆ, ಪರದೆಯಲ್ಲಿ ಬಣ್ಣದ ಚೌಕಗಳು ಮಿಂಚುತ್ತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿ ಚಾರ್ಜರ್ ತೆಗೆಯಿರಿ. ಅದು ಸೆಟ್ಟಿಂಗ್‌ನಿಂದ ಸರಿಹೋಗುವ ದೋಷವಲ್ಲ, ರಿಪೇರಿ ಬಲ್ಲವರಿಗೆ ತೋರಿಸಬೇಕಾದದ್ದು.

ದೋಷ ನಿವಾರಣೆಯ ಹುಡುಕಾಟದಲ್ಲಿ ಸಿಕ್ಕಸಿಕ್ಕ ಕಡೆಯಿಂದ ಮಾಡೆಲ್ ಮತ್ತು ಆಡ್-ಆನ್ ಇಳಿಸಿಕೊಳ್ಳುವ ಅಭ್ಯಾಸದ ಬಗ್ಗೆ ಒಂದು ಎಚ್ಚರಿಕೆ. ಸಿಕೆಪಿಟಿ ಎಂಬ ಹಳೆಯ ಬಗೆಯ ಮಾಡೆಲ್ ಫೈಲ್ ತೆರೆಯುವಾಗಲೇ ಅದರಲ್ಲಿ ಅಡಗಿಸಿಟ್ಟ ಕೋಡ್ ಓಡಬಲ್ಲದು, ಆದ್ದರಿಂದ ಸೇಫ್‌ಟೆನ್ಸರ್ಸ್ ಬಗೆಯನ್ನೇ ಆರಿಸಿ. 2024ರ ಜೂನ್‌ನಲ್ಲಿ ಕಂಫಿಯುಐಗೆಂದು ಹಂಚಲಾಗಿದ್ದ ಒಂದು ಆಡ್-ಆನ್‌ನಲ್ಲಿ ಬ್ರೌಸರ್‌ನ ಪಾಸ್‌ವರ್ಡ್ ಕದಿಯುವ ಕೋಡ್ ಪತ್ತೆಯಾಗಿತ್ತು. ಅಂಥದ್ದು ಸೇರಿಕೊಂಡಿದೆಯೆಂಬ ಅನುಮಾನವಿದ್ದರೆ ಇಂಟರ್ನೆಟ್ ಕಡಿದು, ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಭಾರತದಲ್ಲಿರುವವರು ಹಣವನ್ನೂ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲಕ್ಷಣ: ನಿಯಮ ಉಲ್ಲಂಘನೆಯೆಂದು ಉಪಕರಣ ನಿರಾಕರಿಸುತ್ತಿದೆ

ಗರಡಿಮನೆಯ ಪೈಲ್ವಾನರ ಚಿತ್ರ, ಎಣ್ಣೆಸ್ನಾನದ ಮಗುವಿನ ಚಿತ್ರ, ಪಂಚೆಯುಟ್ಟ ಅರ್ಚಕರ ಚಿತ್ರ ಮುಂತಾದವುಗಳಲ್ಲಿ ಮೈ ಹೆಚ್ಚು ಕಾಣುವುದರಿಂದ ಸ್ವಯಂಚಾಲಿತ ಸೋಸುಕ ತಪ್ಪಾಗಿ ತಡೆಯುವುದುಂಟು. ಪ್ರಾಂಪ್ಟ್ ಖಾಲಿ ಬಿಟ್ಟು, ಮೈ ಕಾಣದ ಬದಿಯನ್ನು ಮಾತ್ರ ಕತ್ತರಿಸಿ ತೆಗೆದು ಹಿಗ್ಗಿಸಿ, ಆಮೇಲೆ ಎರಡನ್ನೂ ಜೋಡಿಸಬಹುದು. ಮಗುವಿನ ಚಿತ್ರವಾದರೆ ಅದನ್ನು ಆನ್‌ಲೈನ್ ಸೇವೆಗೆ ಏರಿಸಬೇಕೇ ಎಂಬುದನ್ನೇ ಮೊದಲು ಯೋಚಿಸಿ. ಮನೆಯವರ ಖಾಸಗಿ ಚಿತ್ರಗಳನ್ನು ಸ್ವಂತ ಯಂತ್ರದಲ್ಲಿ ಮಾಡುವುದೇ ಸರಿ. ಬೇರೆಯವರ ಚಿತ್ರದಲ್ಲಿ ಬಟ್ಟೆ ಅಥವಾ ದೇಹದ ಭಾಗವನ್ನು ಬರೆಸಲು ಹೋಗಿ ನಿರಾಕರಣೆ ಬಂದಿದ್ದರೆ ಅದು ದೋಷವಲ್ಲ, ಅಲ್ಲಿಗೆ ಬಿಟ್ಟುಬಿಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಸುದ್ದಿಚಿತ್ರ, ಪೊಲೀಸರಿಗೆ ಅಥವಾ ನ್ಯಾಯಾಲಯಕ್ಕೆ ಕೊಡುವ ಚಿತ್ರ, ವಿಮೆಯ ದಾವೆಗೆ ತೆಗೆದ ಅಪಘಾತದ ಚಿತ್ರ, ಪಾಸ್‌ಪೋರ್ಟ್ ಫೋಟೋ, ವೈದ್ಯಕೀಯ ಸ್ಕ್ಯಾನ್ – ಇವುಗಳನ್ನು ಎಷ್ಟೇ ಚೆನ್ನಾಗಿ ಬಂದರೂ ಹಿಗ್ಗಿಸಬಾರದು. ಸ್ಮಾರಕಗಳ ಚಿತ್ರಗಳೂ ಇದೇ ಸಾಲಿಗೆ ಸೇರಬೇಕೆಂಬುದು ನನ್ನ ಅಭಿಪ್ರಾಯ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಫೋಟೋವನ್ನು ಎಡಕ್ಕೆ ಹಿಗ್ಗಿಸಿದರೆ ಅಲ್ಲಿಲ್ಲದ ಕಂಬಗಳ ಮಂಟಪವೊಂದು ಎದ್ದು ನಿಲ್ಲುತ್ತದೆ, ಶಾಲೆಯ ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ಬಳಸಲೇಬೇಕಾದರೆ ಯಾವ ಭಾಗ ಎಐ ಬರೆದದ್ದೆಂದು ಚಿತ್ರದ ಕೆಳಗೆ ಹೇಳಿ. ಅಡೋಬ್‌ನ ಎಐ ಆದ ಫೈರ್‌ಫ್ಲೈ ಬಳಸಿದ ಚಿತ್ರಗಳಿಗೆ ಸೇರುವ, ಚಿತ್ರ ಹೇಗೆ ತಯಾರಾಯಿತೆಂದು ಹೇಳುವ ಕಂಟೆಂಟ್ ಕ್ರೆಡೆನ್ಶಿಯಲ್ಸ್ ಗುರುತನ್ನು ತೆಗೆಯಬೇಡಿ, ಸ್ಕ್ರೀನ್‌ಶಾಟ್ ತೆಗೆದು ಹಂಚಿದರೆ ಅದು ಕಳೆದುಹೋಗುತ್ತದೆ ಎಂಬುದೂ ನೆನಪಿರಲಿ.

ಅಂಚು ಕತ್ತರಿಸಿ, ಅಳತೆ ಇಳಿಸಿ, ಪ್ರಾಂಪ್ಟ್ ಖಾಲಿ ಬಿಟ್ಟು, ಮಾಡೆಲ್ ಬದಲಿಸಿ ನೋಡಿದ ಮೇಲೂ ಅದೇ ದೋಷ ಉಳಿದರೆ ಬಲ್ಲವರನ್ನು ಕೇಳುವ ಹೊತ್ತಾಯಿತು. ಮದುವೆಯ ಆಲ್ಬಂನಂಥ ಮತ್ತೆ ಸಿಗದ ಚಿತ್ರವಾದರೆ ಫೋಟೋ ತಿದ್ದುವ ವೃತ್ತಿಯವರಿಗೆ ಒಪ್ಪಿಸುವುದು ಒಳ್ಳೆಯದು, ಅವರಿಗೆ ಮೂಲ ಫೈಲ್ ಕೊಡಿ, ಕೆಟ್ಟ ಫಲಿತಾಂಶವನ್ನಲ್ಲ. ತಂತ್ರಾಂಶದ ನೆರವು ಕೇಳುವುದಾದರೆ ಮೂಲದ ಪಿಕ್ಸೆಲ್ ಅಳತೆ, ಕೇಳಿದ ಹೊಸ ಅಳತೆ, ಮಾಡೆಲ್‌ನ ಹೆಸರು, ಡಿನಾಯ್ಸಿಂಗ್ ಅಂಕಿ, ಸೀಡ್ ಸಂಖ್ಯೆ (ಅದೇ ಫಲಿತಾಂಶವನ್ನು ಮತ್ತೆ ತರಿಸಲು ಬೇಕಾದ ಆರಂಭದ ಅಂಕಿ) ಮತ್ತು ಮಾಸ್ಕ್ ಚಿತ್ರ ಇವಿಷ್ಟನ್ನು ಒಟ್ಟಿಗೆ ಕೊಡಿ. ಆಟೋಮ್ಯಾಟಿಕ್1111 ಮತ್ತು ಕಂಫಿಯುಐ ಉಳಿಸುವ ಪಿಎನ್‌ಜಿ ಫೈಲಿನೊಳಗೆ ಪ್ರಾಂಪ್ಟ್ ಮತ್ತು ಸೆಟ್ಟಿಂಗ್‌ಗಳು ಅಡಗಿರುತ್ತವೆ, ಹಾಗಾಗಿ ಆ ಫೈಲನ್ನೇ ಕಳುಹಿಸಿದರೆ ಕೆಲಸ ಸುಲಭ. ಆದರೆ ಪ್ರಾಂಪ್ಟ್‌ನಲ್ಲಿ ಯಾರದಾದರೂ ಹೆಸರು ಬರೆದಿದ್ದರೆ, ಅಥವಾ ಮೊಬೈಲ್ ಫೋಟೋದಲ್ಲಿ ಮನೆಯ ಜಾಗದ ಜಿಪಿಎಸ್ ಗುರುತು ಇದ್ದರೆ, ಅದನ್ನು ಅಳಿಸಿ ಕಳುಹಿಸಿ.